ಹಳುವಿನ ಜಿಂಕೆಗೆ ಯಾವ ಗುಂಡು?

ಬಿ.ಎಸ್‌ಸಿ. ತರಗತಿಯಲ್ಲಿ ನನ್ನ ಕನ್ನಡ ಪಾಠ ಕೇಳಿದ ಶಿಷ್ಯನೊಬ್ಬ ಈಗ ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಉದ್ಯೋಗದಲ್ಲಿದ್ದಾನೆ. ಕಳೆದ ಮಾಗಿಯಲ್ಲಿ ಅವನು ಬರೆದ ಪತ್ರದೊಡನೆ ಒಂದು ಛಾಯಾಚಿತ್ರವೂ ಬಂದಿತ್ತು. ಅಡುಗೆಮನೆಯ ಮೇಜಿನ ಮೇಲೆ ಹಾಸಿದ ಹಳೆಯ ವೃತ್ತಪತ್ರಿಕೆ. ಅದರ ಮೇಲೆ ಸಾಲಾಗಿ ನಿಲ್ಲಿಸಿದ ಐದು ತೋಟೆಗಳು. ಪಕ್ಕದಲ್ಲಿ ಕಂದುಬಣ್ಣದ ಒಂದು ಪುಟ್ಟ ಮುದ್ದೆ. ಆ ಮುದ್ದೆಯನ್ನು ಮೊದಲ ನೋಟಕ್ಕೆ ಒಣಗಿದ ಅಣಬೆಯೆಂದೆ ತಿಳಿದೆ. ಪತ್ರ ಓದಿದ ಮೇಲೆ ವಿಷಯ ಸ್ಪಷ್ಟವಾಯಿತು. "ಮೇಷ್ಟ್ರೆ, ಇದು ನಮ್ಮ ನೆರೆಮನೆಯ ಮುದುಕರು ಹೋದ ವರ್ಷ ಹೊಡೆದ ಜಿಂಕೆಯ ಮೈಯಲ್ಲಿ ಸಿಕ್ಕ ಗುಂಡು. ಈ ವರ್ಷದ ಬೇಟೆ ನಾಳಿದ್ದು ಆರಂಭವಾಗುತ್ತದೆ. ಐದು ಬಗೆಯ ಗುಂಡುಗಳನ್ನು ಮುಂದಿಟ್ಟುಕೊಂಡು ಎರಡು ಸಂಜೆಗಳಿಂದ ಕುಳಿತಿದ್ದಾರೆ. ಮಗಳಿಗೆ ವರ ಹುಡುಕುವವರು ಕೂಡ ಇಷ್ಟು ಯೋಚಿಸುವುದಿಲ್ಲ. ಕೊಲ್ಲುವುದಕ್ಕೆ ಇಷ್ಟೊಂದು ಆಯ್ಕೆ ಏಕೆ?" ಎಂದು ಅವನು ಕೇಳಿದ್ದ.

ವಿನೋದಕ್ಕೆ ಕೇಳಿದ ಪ್ರಶ್ನೆ ನನ್ನನ್ನು ಸುಮ್ಮನೆ ಬಿಡಲಿಲ್ಲ. ನಾನು ಕೋವಿ ಹಿಡಿದವನಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ತರುವಾಯ ಹುಟ್ಟಿದವನು. ನಮ್ಮ ನಾಡಿನಲ್ಲಿ ಜಿಂಕೆ ಕಡವೆಗಳ ಬೇಟೆ ಅಪರಾಧವಾಗಿರುವ ಕಾಲವನ್ನಷ್ಟೆ ಕಂಡವನು. ಆ ಕಾಯಿದೆ ಇರತಕ್ಕದ್ದೆ ಎಂದು ನಂಬಿದವನು. ಆದರೆ ನಾನು ಹುಟ್ಟಿದ ಮನೆ ತೀರ್ಥಹಳ್ಳಿಯ ಕಡೆಯ ಮಲೆಯ ಮಗ್ಗುಲಿನದು. ಆ ಮನೆಯ ನಡುಗೋಡೆಯಲ್ಲಿ ಎರಡು ಗೂಟಗಳ ಮೇಲೆ ಅಜ್ಜಯ್ಯನವರ ಜೋಡುನಳಿಗೆಯ ತೋಟೆಕೋವಿ ಮಲಗಿರುತ್ತಿತ್ತು. ಅದರ ಕಥೆಯನ್ನು ಮುಂದೆ ಹೇಳುತ್ತೇನೆ. ಶಿಷ್ಯನ ಪ್ರಶ್ನೆಗೆ ಉತ್ತರ ಹುಡುಕುತ್ತ ಎರಡು ತಿಂಗಳು ನಾನು ಓದಿದ್ದೆಲ್ಲ ಆ ಕೋವಿಯ ಕಡೆಗೇ ನನ್ನನ್ನು ಮತ್ತೆ ಮತ್ತೆ ತಿರುಗಿಸಿತು ಎಂಬುದನ್ನು ಮಾತ್ರ ಇಲ್ಲಿ ಒಪ್ಪಿಕೊಳ್ಳುವೆನು.

ಮೊದಲು ಆ ಕಾಡು, ಆ ಪ್ರಾಣಿ. ಅಮೆರಿಕದ ಪೂರ್ವಭಾಗದ ಅಡವಿಗಳಲ್ಲಿ ವಾಸಿಸುವುದು ಬಿಳಿಬಾಲದ ಜಿಂಕೆ. ಬೆದರಿ ಓಡುವಾಗ ಬಾಲವನ್ನು ನೆಟ್ಟಗೆ ಎತ್ತುತ್ತದೆ. ಬಾಲದ ಒಳಮಗ್ಗುಲಿನ ಬಿಳುಪು ಬಾವುಟದಂತೆ ಮಿಂಚಿ ಮರೆಯಾಗುತ್ತದೆ. ಓಕ್, ಮೇಪಲ್, ಹೆಮ್‌ಲಾಕ್ ಮರಗಳ ನಡುವೆ ಲಾರೆಲ್ ಎಂಬ ಪೊದೆ ದಟ್ಟವಾಗಿ ಹಬ್ಬಿರುವ ಕಡೆ ಅದರ ಬಿಡದಿ. ನಮ್ಮ ಮಲೆನಾಡಿನವರು ಹಳು ಎನ್ನುವರಲ್ಲ, ಅಂಥ ಜಾಗ. ಅಲ್ಲಿ ನೂರು ಗಜದಾಚೆ ನೋಡುವುದೆ ಕಷ್ಟ. ಬೇಟೆಗಾರನಿಗೆ ಜಿಂಕೆ ಕಾಣುವುದು ಮೂವತ್ತು, ನಲವತ್ತು, ಹೆಚ್ಚೆಂದರೆ ಎಪ್ಪತ್ತು ಗಜದ ಅಂತರದಲ್ಲಿ, ಅದೂ ಎರಡು ಮೂರು ಕ್ಷಣಗಳ ಕಾಲ. 1900ರ ಸುಮಾರಿಗೆ ಮಾಂಸ ಚರ್ಮಗಳ ವ್ಯಾಪಾರಕ್ಕಾಗಿ ನಡೆದ ಬೇಟೆಯಿಂದ ಈ ಜಿಂಕೆ ಆ ದೇಶದಲ್ಲಿ ಐದು ಲಕ್ಷಕ್ಕೂ ಇಳಿದಿತ್ತೆಂದು ಅಂದಾಜು. ತರುವಾಯ ಬೇಟೆಗೆ ಋತು, ಮಿತಿ, ಪರವಾನಗಿ ಎಂದು ಕಟ್ಟುಗಳು ಬಂದುವು. ತೋಳಗಳು ಆ ವೇಳೆಗೆ ಬಹುಪಾಲು ಅಳಿದಿದ್ದುವು. ಈಗ ಜಿಂಕೆಗಳ ಸಂಖ್ಯೆ ಮೂರು ಕೋಟಿಯ ಸಮೀಪದಲ್ಲಿದೆಯೆಂದು ಎಣಿಸುತ್ತಾರೆ. ಎಳೆಯ ಸಸಿಗಳನ್ನು ಮೇಯ್ದು ಕಾಡು ಮರುಹುಟ್ಟದಂತೆ ಮಾಡುವಷ್ಟು ಅವು ಹೆಚ್ಚಿವೆ. ತೋಳವಿಲ್ಲದ ಬೆಟ್ಟದಲ್ಲಿ ಜಿಂಕೆ ಹೆಚ್ಚಿದರೆ ಬೆಟ್ಟಕ್ಕೇ ಕೇಡೆಂಬುದನ್ನು ಆಲ್ಡೊ ಲಿಯೊಪೋಲ್ಡ್ ಎಂಬ ಅರಣ್ಯಶಾಸ್ತ್ರಜ್ಞ ಬರೆದ ಪ್ರಬಂಧ 1949ರಲ್ಲಿಯೇ ಪ್ರಕಟವಾಯಿತು. ಆದುದರಿಂದ ಅಲ್ಲಿ ವರ್ಷಕ್ಕೊಮ್ಮೆ ಬೇಟೆ ನಡೆಯುವುದು ನಿಯಮಕ್ಕೆ ವಿರುದ್ಧವಾಗಿ ಅಲ್ಲ, ನಿಯಮದ ಒಳಗೇ. ಪೆನ್ಸಿಲ್ವೇನಿಯದ ಹಳ್ಳಿಗಾಡಿನ ಅನೇಕ ಶಾಲೆಗಳಲ್ಲಿ ಜಿಂಕೆಬೇಟೆಯ ಮೊದಲ ಸೋಮವಾರ ರಜೆ ಕೊಡುವ ವಾಡಿಕೆಯೂ ಉಂಟು. ಅಧ್ಯಾಪಕರೇ ಕಾಡಿಗೆ ಹೊರಟ ಮೇಲೆ ಶಾಲೆ ತೆರೆದು ಪ್ರಯೋಜನವೇನು!

ಇನ್ನು ಗುಂಡಿನ ವಿಚಾರ. ಗುಂಡೆಂದರೆ ಗುಂಡೆ, ತಗಲಿದರೆ ಸಾವು, ತಪ್ಪಿದರೆ ಬದುಕು ಎಂಬುದು ನಮ್ಮಂಥವರ ತಿಳಿವಳಿಕೆ. ಬೇಟೆ ಬಲ್ಲವರನ್ನು ಕೇಳಿದರೆ ಇವೆರಡರ ನಡುವೆ ಮೂರನೆಯದೊಂದು ಇದೆ, ಅದೇ ನಿಜವಾದ ಭಯ ಎನ್ನುತ್ತಾರೆ: ತಗಲಿಯೂ ಸಾಯದಿರುವುದು. ಜಿಂಕೆಯನ್ನು ಕೆಡಹುವುದು ಪೆಟ್ಟಿನ ರಭಸವಲ್ಲ, ರಕ್ತಸ್ರಾವ. ಮುಂಗಾಲಿನ ಹಿಂದೆ, ಒಂದು ಊಟದ ತಟ್ಟೆಯಷ್ಟು ಅಗಲದ ಜಾಗದಲ್ಲಿ ಹೃದಯವೂ ಶ್ವಾಸಕೋಶಗಳೂ ಇವೆ. ಗುಂಡು ಅಲ್ಲಿ ಹೊಕ್ಕು, ಒಳಗೆ ಅರಳಿ, ಅಗಲವಾದ ದಾರಿ ಮಾಡಿಕೊಂಡು ಆಚೆಗೆ ಹೊರಟರೆ ಜಿಂಕೆ ಕೆಲವೇ ಕ್ಷಣಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ಅರಳದ ಗುಂಡು ದಬ್ಬಣದಂತೆ ಸಣ್ಣ ತೂತು ಕೊರೆದು ಹೋಗಿಬಿಡುತ್ತದೆ; ಜಿಂಕೆ ಮೈಲಿಗಟ್ಟಲೆ ಓಡಿ ಎಲ್ಲಿಯೋ ಬಿದ್ದು, ಬೇಟೆಗಾರನಿಗೂ ಸಿಗದೆ, ಗಂಟೆಗಟ್ಟಲೆ, ಒಮ್ಮೊಮ್ಮೆ ದಿನಗಟ್ಟಲೆ ನರಳಿ ಸಾಯುತ್ತದೆ. ಮುದುಕರ ಮೇಜಿನ ಮೇಲಿದ್ದ ಅಣಬೆಯಾಕಾರದ ಮುದ್ದೆ ಅರಳಿದ ಗುಂಡು. ನಳಿಗೆಯಿಂದ ಹೊರಡುವಾಗ ಅದರ ಅಡ್ಡಳತೆ ಎಂಟು ಮಿಲಿಮೀಟರಿಗೆ ತುಸು ಕಡಿಮೆ. ನಿಂತಾಗ ಅದರ ಇಮ್ಮಡಿಯ ಸಮೀಪ.

ಈ ಅರಳುವ ಗುಂಡಿನ ಹಿಂದೆ ವಿಚಿತ್ರವಾದ ಇತಿಹಾಸವಿದೆ. ಅದರಲ್ಲಿ ನಮ್ಮ ದೇಶದ ಒಂದು ಊರಿನ ಹೆಸರೂ ಸೇರಿಕೊಂಡಿದೆ.

ಹಳೆಯ ಕಾಲದ ಗುಂಡು ಬರಿಯ ಸೀಸದ್ದು. ಕರಿಮದ್ದಿನ ನೂಕಿಗೆ ಅದು ನಿಧಾನವಾಗಿಯೆ ಹೋಗುತ್ತಿತ್ತು. ಆದರೆ ಹೆಬ್ಬೆರಳ ಗಾತ್ರವಿದ್ದು ಮೆತ್ತಗಿದ್ದುದರಿಂದ ತನ್ನ ಕೆಲಸ ಮಾಡುತ್ತಿತ್ತು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ಹೊಗೆಯಿಲ್ಲದ ಮದ್ದನ್ನು ಕಂಡುಹಿಡಿದ ಮೇಲೆ ಗುಂಡಿನ ವೇಗ ಬಹಳವಾಗಿ ಏರಿತು. ಬರಿ ಸೀಸ ಆ ವೇಗವನ್ನು ತಾಳದು. ನಳಿಗೆಯ ತಿರುಗಣೆ ಗೆರೆಗಳಿಗೆ ಮೆತ್ತಿಕೊಳ್ಳುತ್ತದೆ. ಅದಕ್ಕೆ ಮೊದಲೇ, 1882ರ ಸುಮಾರಿಗೆ, ಸ್ವಿಟ್ಜರ್ಲೆಂಡಿನ ಎಡ್ವರ್ಡ್ ರೂಬಿನ್ ಸೀಸದ ಗುಂಡಿಗೆ ತಾಮ್ರದ ಅಂಗಿ ತೊಡಿಸಿದ್ದ. ಹೊಸ ಮದ್ದಿಗೆ ಅದು ಹೊಂದಿಕೆಯಾಯಿತು. ಸೈನ್ಯಗಳೆಲ್ಲ ಅದನ್ನೇ ಹಿಡಿದುವು. ಆದರೆ ಮೂತಿಯವರೆಗೂ ಅಂಗಿ ತೊಟ್ಟ ಗುಂಡು ಮೈಯೊಳಗೆ ಅರಳುವುದಿಲ್ಲ. 1895ರ ಚಿತ್ರಾಲ್ ದಂಡಯಾತ್ರೆಯಲ್ಲಿ, ಗುಂಡು ತಗಲಿದರೂ ಎದುರಾಳಿಗಳು ನಿಲ್ಲದೆ ಮೇಲೆ ಬರುತ್ತಿದ್ದರೆಂದು ಬ್ರಿಟಿಷ್ ಸೈನ್ಯದಲ್ಲಿ ದೂರು ಹುಟ್ಟಿತು. ಆಗ ಕಲ್ಕತ್ತೆಯ ಹತ್ತಿರದ ದಂದಂ ಎಂಬಲ್ಲಿನ ಸರಕಾರೀ ಮದ್ದುಗುಂಡಿನ ಕಾರ್ಖಾನೆಯಲ್ಲಿ ಬರ್ಟಿ-ಕ್ಲೇ ಎಂಬ ಅಧಿಕಾರಿ ಅಂಗಿಯ ಮೂತಿಯನ್ನು ಬಿಚ್ಚಿ ಸೀಸ ಹೊರಗೆ ಕಾಣುವಂತೆ ಮಾಡಿದ ಗುಂಡನ್ನು ತಯಾರಿಸಿದ. ಪ್ರಪಂಚದ ಭಾಷೆಗಳಲ್ಲೆಲ್ಲ 'ದಂದಂ ಗುಂಡು' ಎಂಬ ಮಾತು ನಿಂತುದು ಹೀಗೆ. 1899ರಲ್ಲಿ ಹೇಗ್ ನಗರದಲ್ಲಿ ಸೇರಿದ ರಾಷ್ಟ್ರಗಳ ಸಮ್ಮೇಳನ, ಮನುಷ್ಯನ ಮೈಯೊಳಗೆ ಸುಲಭವಾಗಿ ಅರಳುವ ಅಥವಾ ಚಪ್ಪಟೆಯಾಗುವ ಗುಂಡನ್ನು ಯುದ್ಧದಲ್ಲಿ ಬಳಸಬಾರದೆಂದು ಘೋಷಿಸಿತು. ಬ್ರಿಟನ್ ಅದನ್ನು 1907ರಲ್ಲಿ ಒಪ್ಪಿಕೊಂಡಿತು.

ಇನ್ನೊಂದು ಕಡೆಗೆ ನೋಡಿರಿ. ಇಂಗ್ಲೆಂಡಿನ 1991ರ ಜಿಂಕೆ ಕಾಯಿದೆಯ ಪ್ರಕಾರ ಜಿಂಕೆಗೆ ರೈಫಲ್ಲಿನಿಂದ ಹಾರಿಸುವ ಗುಂಡು ಮೆತ್ತನೆಯ ಮೂತಿಯದೋ ಟೊಳ್ಳು ಮೂತಿಯದೋ ಆಗಿರಲೇಬೇಕು. ಬೇರೆಯ ಗುಂಡು ಅಪರಾಧ. ಪೆನ್ಸಿಲ್ವೇನಿಯದ ನಿಯಮವೂ ಅದೇ: ಪೂರ್ತಿ ಸೀಸದ ಗುಂಡು, ಇಲ್ಲವೆ ತಗಲಿದೊಡನೆ ಅರಳುವಂತೆ ಮಾಡಿದ ಗುಂಡು. ಮನುಷ್ಯನ ಮೇಲೆ ಹಾರಿಸಬಾರದೆಂದು ಜಗತ್ತು ನಿಷೇಧಿಸಿದ ಗುಂಡನ್ನೆ ಜಿಂಕೆಯ ಮೇಲೆ ಹಾರಿಸಬೇಕೆಂದು ಕಾನೂನು ಕಡ್ಡಾಯ ಮಾಡುತ್ತದೆ! ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿ ಬಹಳ ಹೊತ್ತು ಕುಳಿತೆ. ಮೊದಲಿಗೆ ಇದು ಮನುಷ್ಯನ ಸ್ವಾರ್ಥದ ಪರಮಾವಧಿ ಎನಿಸಿತು. ಯೋಚಿಸಿದಂತೆ ಬೇರೆಯಾಗಿ ಕಂಡಿತು. ಗಾಯಗೊಂಡ ಸೈನಿಕನನ್ನು ಎತ್ತಿ ಆಸ್ಪತ್ರೆಗೆ ಒಯ್ಯುವವರು ಇರುತ್ತಾರೆ. ಅವನು ಬದುಕಲಿ ಎಂಬುದು ನಿಷೇಧದ ಹಿಂದಿರುವ ಆಸೆ. ಗಾಯಗೊಂಡ ಜಿಂಕೆಗೆ ಆಸ್ಪತ್ರೆಯಿಲ್ಲ. ಕೊಲ್ಲಲೆಂದೆ ಹೊರಟ ಮೇಲೆ ಬೇಗ ಕೊಲ್ಲುವುದೊಂದೆ ಅಲ್ಲಿ ಉಳಿಯುವ ಕರುಣೆ. ಎರಡು ಕಾನೂನುಗಳೂ ಒಂದೆ ಸಂಕಟದ ಕಡೆಗೆ ಮುಖ ಮಾಡಿ ವಿರುದ್ಧ ದಿಕ್ಕುಗಳಿಂದ ಬಂದಂಥವು. ಅದಕ್ಕೆ ಕರುಣೆ ಎಂಬ ಹೆಸರು ಸಲ್ಲುತ್ತದೆಯೆ ಎಂದು ಕೇಳುವ ಓದುಗರ ಮೇಲೆ ನನಗೆ ಮುನಿಸಿಲ್ಲ.

ಈಗ ಮುದುಕರ ಐದು ತೋಟೆಗಳಿಗೆ ಬರೋಣ. ಅವರ ಬಳಿ ಎರಡು ರೈಫಲ್ಲುಗಳಿವೆ. ಒಂದು, ಜಾನ್ ಬ್ರೌನಿಂಗ್ ರಚಿಸಿ ವಿಂಚೆಸ್ಟರ್ ಕಂಪನಿ 1894ರಲ್ಲಿ ಹೊರತಂದ ಮಾದರಿಯದು, ತಂದೆಯಿಂದ ಬಂದುದು. ಆ ಮಾದರಿಯ ಕೋವಿಗಳು ಎಪ್ಪತ್ತು ಲಕ್ಷಕ್ಕೂ ಹೆಚ್ಚು ತಯಾರಾಗಿವೆಯಂತೆ. ಅದಕ್ಕೆ ಹಾಕುವ ತೋಟೆಗೆ 'ಮೂವತ್ತು-ಮೂವತ್ತು' ಎಂದು ಹೆಸರು, 1895ರಲ್ಲಿ ಬಂದುದು. ಮೊದಲ ಮೂವತ್ತು ಗುಂಡಿನ ಅಡ್ಡಳತೆ, ಅಂಗುಲದ ನೂರರಲ್ಲಿ ಮೂವತ್ತು ಪಾಲು. ಎರಡನೆಯದು ಆಗ ತುಂಬುತ್ತಿದ್ದ ಮದ್ದಿನ ತೂಕ, ಮೂವತ್ತು ಗ್ರೇನು. ಇದರ 170 ಗ್ರೇನಿನ, ಅಂದರೆ 11 ಗ್ರಾಮಿನ ಗುಂಡು ಸೆಕೆಂಡಿಗೆ ಸುಮಾರು 670 ಮೀಟರ್ ವೇಗದಿಂದ ಹೊರಡುತ್ತದೆ. ಇನ್ನೊಂದು ರೈಫಲ್ಲು 1906ರ ಸೈನಿಕ ತೋಟೆಯನ್ನು ನುಂಗುವಂಥದು. ಅದರ 150 ಗ್ರೇನಿನ ಗುಂಡಿನ ವೇಗ ಸೆಕೆಂಡಿಗೆ 890 ಮೀಟರಿನ ಸಮೀಪ. ಎರಡೂ ಶಬ್ದಕ್ಕಿಂತ ಬಹಳ ಬೇಗ ಹೋಗುವುವು; ಜಿಂಕೆಗೆ ಸದ್ದು ಕೇಳುವ ಮೊದಲೇ ಗುಂಡು ತಲುಪಿರುತ್ತದೆ.

ಬಲ ಹೆಚ್ಚಿದ್ದರೆ ಮೇಲು, ವೇಗ ಹೆಚ್ಚಿದ್ದರೆ ಇನ್ನೂ ಮೇಲು ಎಂದು ನಮ್ಮ ಸಾಮಾನ್ಯಬುದ್ಧಿ ಹೇಳುತ್ತದೆ. ದೂರದ ಬಯಲಿನಲ್ಲಿ ಅದಕ್ಕೆ ಬೆಲೆಯಿದೆ. ಹಳುವಿನಲ್ಲಿ ಅದೇ ತಿರುಗಿಬೀಳುತ್ತದೆ. ಮುನ್ನೂರು ಗಜ ಸಾಗಿ ವೇಗ ಕುಂದಿದ ಮೇಲೂ ಅರಳಲಿ ಎಂದು ತೆಳ್ಳನೆಯ ಅಂಗಿ ತೊಡಿಸಿದ ಗುಂಡನ್ನು ನಲವತ್ತು ಗಜದಲ್ಲಿ ಹಾರಿಸಿದರೆ, ಕುಂದದ ವೇಗದಿಂದ ಭುಜದ ಮೂಳೆಗೆ ಬಡಿದು ಅದು ಅರಳುವುದರ ಬದಲು ಚೂರುಚೂರಾಗುತ್ತದೆ. ಮೇಲೆ ನೋಡಲು ಭಯಂಕರವಾದ ಗಾಯ. ಒಳಗಿನ ಜೀವಸ್ಥಾನ ತಲುಪುವ ಚೂರು ಒಂದೂ ಇರದಿರಬಹುದು. ಮತ್ತೊಂದು ತುದಿಗೆ, ಕಾಡುಕೋಣದಂಥ ಪ್ರಾಣಿಗೆಂದು ಮಾಡಿದ ಬಿರುಸಾದ ಗುಂಡನ್ನು ಎಪ್ಪತ್ತು ಕಿಲೋ ತೂಗುವ ಜಿಂಕೆಗೆ ಹಾರಿಸಿದರೆ ಆ ತೆಳುಮೈಯಲ್ಲಿ ಅದಕ್ಕೆ ಅರಳಲು ಎಡೆಯೂ ಇಲ್ಲ, ತಡೆಯೂ ಇಲ್ಲ. ಹೀಗೆ ಗುಂಡಿನ ಆಯ್ಕೆಯೆಂದರೆ ತಗಲುವ ಹೊತ್ತಿಗೆ ಅದಕ್ಕಿರುವ ವೇಗ, ತಗಲುವ ಮೈಯ ದಪ್ಪ, ಅಂಗಿಯ ಗಟ್ಟಿತನ ಈ ಮೂರನ್ನೂ ಹೊಂದಿಸುವ ಲೆಕ್ಕ.

ಈ ಲೆಕ್ಕ ತಪ್ಪಿದ ಒಂದು ಪ್ರಸಂಗದಿಂದ ಹೊಸ ಗುಂಡೊಂದು ಹುಟ್ಟಿದೆ. 1946ರಲ್ಲಿ ಜಾನ್ ನಾಸ್ಲರ್ ಎಂಬ ಅಮೆರಿಕನ್ ಕೆನಡಾದ ಬ್ರಿಟಿಷ್ ಕೊಲಂಬಿಯಕ್ಕೆ ಮೂಸ್ ಬೇಟೆಗೆ ಹೋಗಿದ್ದ. ಮೂಸ್ ಜಿಂಕೆಯ ಕುಲದಲ್ಲೆ ಅತಿ ದೊಡ್ಡದು, ಕುದುರೆಗಿಂತ ಎತ್ತರ. ಮೈಗೆಲ್ಲ ಕೆಸರು ಬಳಿದುಕೊಂಡು ನಿಂತಿದ್ದ ಅಂಥ ಒಂದಕ್ಕೆ ಅವನು ಹಾರಿಸಿದ ವೇಗದ ಗುಂಡುಗಳು ಹೊರಗೇ ಸಿಡಿದುಹೋದುವು, ಪ್ರಾಣಿ ಬೀಳಲಿಲ್ಲ. ಅವನು ಮನೆಗೆ ಬಂದು ಆ ಬಗೆಯನ್ನೆ ಚಿಂತಿಸಿ, ನಡುವೆ ತಾಮ್ರದ ಒಂದು ಅಡ್ಡಗೋಡೆಯಿರುವ ಗುಂಡನ್ನು ಮಾಡಿದ. ಸೀಳಿ ನೋಡಿದರೆ ಇಂಗ್ಲಿಷಿನ ಎಚ್ ಅಕ್ಷರದಂತೆ ಕಾಣುತ್ತದೆ. ಮುಂಗೋಣೆಯ ಸೀಸ ಅರಳುತ್ತದೆ. ಗೋಡೆಯ ಹಿಂದಿನದು ಅಲುಗದೆ ಮುಂದಕ್ಕೆ ಸಾಗುತ್ತದೆ. ಎಂಬತ್ತು ವರ್ಷಗಳ ಹತ್ತಿರ ಬಂದರೂ ಅದು ಇನ್ನೂ ಮಾರಾಟದಲ್ಲಿದೆ. ಮೂತಿಯಲ್ಲಿ ತೆಳ್ಳಗೂ ಬುಡದಲ್ಲಿ ದಪ್ಪವಾಗಿಯೂ ಇರುವ ಅಂಗಿಯ ಗುಂಡನ್ನು ರೆಮಿಂಗ್ಟನ್ ಕಂಪನಿ ಅದಕ್ಕೂ ಮೊದಲೇ, 1939ರಲ್ಲಿ, ತಂದಿತ್ತು. ಹಳುವಿನ ಬೇಟೆಗಾರರಲ್ಲಿ ಬಹುಮಂದಿಗೆ ಅಷ್ಟೇ ಸಾಕು. ಕುಂದಿದ ವೇಗದ ಮೂವತ್ತು-ಮೂವತ್ತಿಗೆ ಅಡ್ಡಗೋಡೆಯ ಅಗತ್ಯವೂ ಬೀಳದು. ಮಿತವಾದ ವೇಗವೇ ಅಲ್ಲಿ ಗೋಡೆಯ ಕೆಲಸ ಮಾಡುತ್ತದೆ. ಅಜ್ಜಂದಿರ ಕಾಲದ ತೋಟೆ ಇಂದಿಗೂ ಅಡವಿಯಲ್ಲಿ ಬಾಳಿರುವುದಕ್ಕೆ ಅಭಿಮಾನ ಮಾತ್ರ ಕಾರಣವಲ್ಲ.

ಆ ತೋಟೆಯ ಗುಂಡಿಗೆ ಮೂತಿ ಚೂಪಾಗಿಲ್ಲ, ಮೊಂಡು. ಅದಕ್ಕೆ ಕಾರಣ ಸ್ವಾರಸ್ಯವಾಗಿದೆ. ಆ ರೈಫಲ್ಲಿನಲ್ಲಿ ತೋಟೆಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೆ ಒಂದು ಮಲಗಿರುತ್ತವೆ. ಹಿಂದಿನದರ ಮೂತಿ ಮುಂದಿನದರ ಕೇಪಿಗೆ ತಾಗಿರುತ್ತದೆ. ಚೂಪು ಮೂತಿಯಾದರೆ ಹಾರಿಸಿದಾಗಿನ ಒದೆತಕ್ಕೆ ಕೇಪು ಸಿಡಿದು ಕೊಳವೆಯಲ್ಲೇ ಅನಾಹುತವಾದೀತು. ಸುರಕ್ಷತೆಗಾಗಿ ಮಾಡಿದ ಈ ಮೊಂಡುಮೂತಿಯ ಸುತ್ತ ಒಂದು ಪುರಾಣವೇ ಬೆಳೆದಿದೆ: ಭಾರವಾದ, ನಿಧಾನದ, ಮೊಂಡು ಗುಂಡು ಪೊದೆಯ ಕಡ್ಡಿಗಳನ್ನು ಸೀಳಿಕೊಂಡು ನೆಟ್ಟಗೆ ಹೋಗುತ್ತದೆ, ವೇಗದ ಚೂಪು ಗುಂಡು ಕಡ್ಡಿ ತಾಗಿದರೆ ಓರೆಯಾಗುತ್ತದೆ ಎಂದು. ಮೂರು ತಲೆಮಾರಿನ ಬೇಟೆಗಾರರು ಇದನ್ನು ವೇದವಾಕ್ಯದಂತೆ ನಂಬಿದ್ದರು. ಮರದ ಕಡ್ಡಿಗಳನ್ನು ಒತ್ತಾಗಿ ನೆಟ್ಟು, ಹಿಂದೆ ಕಾಗದದ ಗುರಿಯಿಟ್ಟು ಪರೀಕ್ಷಿಸಿದವರು ಕಂಡುದು ಬೇರೆ. ಗುಂಡು ಬುಗುರಿಯಂತೆ ಗಿರ್ರನೆ ಸುತ್ತುತ್ತ ಹೋಗುವುದರಿಂದಲೆ ನೆಟ್ಟಗಿರುವುದು. ಕಡ್ಡಿ ತಾಗಿದರೆ ಯಾವ ಬುಗುರಿಯಾದರೂ ತೂರಾಡುತ್ತದೆ. ಭಾರವಾದುದು ತುಸು ಕಡಿಮೆ ತೂರಾಡಬಹುದು. ಅದನ್ನು ನಂಬಿ ಕುಳಿತುಕೊಳ್ಳುವಂತಿಲ್ಲ. ಕಡ್ಡಿಗೂ ಜಿಂಕೆಗೂ ನಡುವೆ ಎರಡಡಿಯಿದ್ದರೆ ಗುಂಡು ಹೇಗೋ ತಲುಪೀತು. ಇಪ್ಪತ್ತಡಿಯಿದ್ದರೆ ಹೊಟ್ಟೆಗೋ ಕಾಲಿಗೋ ಬಿದ್ದೀತು. ಪೊದೆಯನ್ನು ಸೀಳಬಲ್ಲ ಗುಂಡು ಅಂಗಡಿಯಲ್ಲಿ ಸಿಗುವುದಿಲ್ಲ. ಪೊದೆಯ ಸಂದು ಕಾಣುವವರೆಗೆ ಕಾಯುವ ಮನಸ್ಸು ಬೇಕು. ಅದನ್ನು ಯಾವ ಕಂಪನಿಯೂ ತಯಾರಿಸಿಲ್ಲ.

ಹಾರಿಸಿದ ಮೇಲಿನ ಕೆಲಸವೂ ಗುಂಡಿನ ಆಯ್ಕೆಯೊಳಗೇ ಸೇರಿದೆ ಎಂಬುದು ನನಗೆ ಹೊಸತು. ಶ್ವಾಸಕೋಶಕ್ಕೆ ತಗಲಿದ ಜಿಂಕೆಯೂ ಐವತ್ತು ನೂರು ಗಜ ಓಡುವುದುಂಟು. ಹಳುವಿನಲ್ಲಿ ನೂರು ಗಜವೆಂದರೆ ಬೇರೊಂದು ಲೋಕ. ಎಲೆಗಳ ಮೇಲೆ ಬಿದ್ದ ನೆತ್ತರೇ ದಾರಿ. ತಿಳಿಗೆಂಪಾಗಿ ನೊರೆನೊರೆಯಾಗಿದ್ದರೆ ಶ್ವಾಸಕೋಶ, ಕಡುಗೆಂಪಾಗಿದ್ದರೆ ಈಲಿ, ಹಸುರು ಬೆರೆತು ದುರ್ಗಂಧವಿದ್ದರೆ ಕರುಳು. ಕರುಳಿಗೆ ತಗಲಿದ್ದನ್ನು ಕೂಡಲೇ ಬೆನ್ನಟ್ಟಬಾರದು. ಬೆನ್ನಟ್ಟಿದರೆ ಅದು ಎದ್ದೆದ್ದು ಓಡಿ ಕೈಗೆ ಸಿಗದೆ ಹೋಗುತ್ತದೆ. ಹಲವು ಗಂಟೆ ಕಾದು ಹೊರಡಬೇಕು. ಕಾಯುವ ಆ ಗಂಟೆಗಳು ಹೇಗಿರಬಹುದೆಂದು ಊಹಿಸಿಕೊಳ್ಳಬಹುದು. ಗುಂಡು ಒಂದು ಮಗ್ಗುಲಲ್ಲಿ ಹೊಕ್ಕು ಅಲ್ಲೇ ನಿಂತರೆ ಇರುವುದು ಒಂದೇ ತೂತು, ಅದೂ ಚರ್ಮ ಸರಿದು ಮುಚ್ಚಿಹೋಗಬಹುದು. ಆಚೆಗೆ ಹಾಯ್ದರೆ ನೆತ್ತರು ಎರಡೂ ಕಡೆ ಚೆಲ್ಲಿ ದಾರಿ ತಪ್ಪುವುದಿಲ್ಲ. ಅಂದಮೇಲೆ ಹಳುವಿನ ಗುಂಡು ಅರಳಲೂ ಬೇಕು, ಅರಳಿ ನಿಲ್ಲದೆ ಹಾಯಲೂ ಬೇಕು. ತುಸು ಭಾರದ ಗುಂಡನ್ನು ಬಲ್ಲವರು ಆರಿಸುವುದು ಈ ಕಾರಣಕ್ಕೆ. ಮುದುಕರು ಮೇಜಿನ ಮೇಲಿಟ್ಟಿದ್ದ ಆ ಅಣಬೆ, ಶಿಷ್ಯ ತಿಳಿದಂತೆ, ಹೆಮ್ಮೆಯ ಗುರುತಾಗಿರಲಿಲ್ಲ. ಅದು ಆಚೆಗೆ ಹಾಯದೆ ಚರ್ಮದಡಿಯಲ್ಲಿ ನಿಂತ ಗುಂಡು. ಆ ಜಿಂಕೆ ಸಿಕ್ಕುವಷ್ಟರಲ್ಲಿ ಕತ್ತಲಾಗಿತ್ತಂತೆ. ಈ ವರ್ಷ ಬೇರೆ ಗುಂಡನ್ನು ಹುಡುಕುತ್ತಿದ್ದುದು ಅದಕ್ಕೆ.

ಸಾಹಿತ್ಯದ ಮೇಷ್ಟರಾದ ನನಗೆ ಇಲ್ಲಿ ನಮ್ಮ ಕಾವ್ಯಗಳು ನೆನಪಾಗುವುದು ಸಹಜ. ರಾಘವಾಂಕನ ಹರಿಶ್ಚಂದ್ರ, ಕುಮಾರವ್ಯಾಸನ ಭೀಮ ಬೇಟೆಗೆ ಹೊರಡುವಾಗಿನ ಸಂಭ್ರಮವನ್ನು ತರಗತಿಯಲ್ಲಿ ಓದಿ ವಿವರಿಸುವುದು ಎಂದಿಗೂ ನನಗೆ ಇಷ್ಟವಾದ ಕೆಲಸವೆ. ಆದರೆ ನಮ್ಮ ಇತಿಹಾಸಪುರಾಣಗಳಲ್ಲಿ ಕಥೆಯ ಗತಿಯನ್ನೇ ತಿರುಗಿಸಿದ ಬೇಟೆಗಳನ್ನು ಎಣಿಸಿ ನೋಡಿದರೆ ಅವೆಲ್ಲ ತಪ್ಪಿದ ಬೇಟೆಗಳು. ದಶರಥ ಸರಯೂ ತೀರದ ಕತ್ತಲಲ್ಲಿ ನೀರಿನ ಸದ್ದು ಕೇಳಿ, ಆನೆಯೆಂದು ಬಗೆದು ಬಾಣ ಬಿಟ್ಟ. ಬಿದ್ದವನು ಕುರುಡು ತಂದೆತಾಯಿಗಳಿಗೆ ನೀರು ತರಲು ಬಂದ ಮಗ. ಜರನೆಂಬ ಬೇಡ ಕಾಡಿನಲ್ಲಿ ಒರಗಿದ್ದ ಕೃಷ್ಣನನ್ನು ಜಿಂಕೆಯೆಂದು ತಿಳಿದು ಹೊಡೆದ. ಹಳುವಿನ ಬೇಟೆಯ ಮೊದಲನೆಯ ಅಪಾಯ ಇಂದಿಗೂ ಇದೆ: ಎಲೆ ಅಲುಗಿದ ಕಡೆಗೆ ಹಾರಿಸುವುದು. ಅದಕ್ಕೆಂದೇ ಪೆನ್ಸಿಲ್ವೇನಿಯದಲ್ಲಿ ಜಿಂಕೆಬೇಟೆಗೆ ರೈಫಲ್ಲು ಹಿಡಿದು ಹೊರಟವನು ತಲೆ, ಎದೆ, ಬೆನ್ನುಗಳ ಮೇಲೆ ಒಟ್ಟು 250 ಚದರ ಅಂಗುಲದಷ್ಟು ಹೊಳೆವ ಕಿತ್ತಳೆ ಬಣ್ಣವನ್ನು ತೊಡಬೇಕೆಂದು ನಿಯಮ. ಮನುಷ್ಯನ ಕಣ್ಣಿಗೆ ಬೆಂಕಿಯಂತೆ ಹೊಳೆಯುವ ಆ ಬಣ್ಣ ಜಿಂಕೆಯ ಕಣ್ಣಿಗೆ ಹಾಗೆ ಹೊಳೆಯದು. ಕೆಂಪುಹಸುರುಗಳ ಭೇದ ಅದಕ್ಕೆ ತಿಳಿಯುವುದಿಲ್ಲ.

ಪಾಂಡುವಿನ ಕಥೆ ಇವೆರಡಕ್ಕಿಂತಲೂ ಈ ವಿಷಯಕ್ಕೆ ಸಮೀಪದ್ದು. ಅವನು ಹೊಡೆದುದು ಜಿಂಕೆಯ ರೂಪದಲ್ಲಿ ಕೂಡಿದ್ದ ಕಿಂದಮನೆಂಬ ಋಷಿಯನ್ನು. ಮಹಾಭಾರತದಲ್ಲಿ ಪಾಂಡು ತನ್ನನ್ನು ಸಮರ್ಥಿಸಿಕೊಳ್ಳುತ್ತಾನೆ: ಮೃಗಗಳನ್ನು ಕೊಲ್ಲುವುದು ರಾಜರಿಗೆ ವಿಹಿತ. ಋಷಿ ಆ ಮಾತನ್ನು ಅಲ್ಲಗಳೆಯುವುದಿಲ್ಲ. ಮೃಗವನ್ನು ಕೊಂದುದಕ್ಕಲ್ಲ ನನ್ನ ನಿಂದೆ, ಆ ಗಳಿಗೆಯನ್ನು ನೋಡದೆ ಕೊಂದುದಕ್ಕೆ ಎಂಬುದು ಅವನ ವಾದ. ಸಾಯುತ್ತಿರುವವನ ಬಾಯಿಂದ ಇಂಥ ತೂಕದ ಮಾತನ್ನು ಆಡಿಸಿದ ವ್ಯಾಸನ ಮನಸ್ಸಿಗೆ ಬೇಟೆ ಮಾಡಬಹುದೆ ಎಂಬ ಪ್ರಶ್ನೆಯ ಜೊತೆಗೆ, ಹೇಗೆ, ಯಾವಾಗ ಎಂಬ ಪ್ರಶ್ನೆಯೂ ಅಷ್ಟೇ ಭಾರವಾಗಿ ಕಂಡಿರಬೇಕು. ನನ್ನ ಶಿಷ್ಯನ ಪ್ರಶ್ನೆಗೆ ಅರ್ಧ ಉತ್ತರ ಅಲ್ಲಿಯೇ ಇತ್ತು.

ಇತ್ತೀಚಿನ ಇನ್ನೊಂದು ತೊಡಕನ್ನೂ ಹೇಳಿಬಿಡಬೇಕು. ಸೀಸದ ಗುಂಡು ಅರಳುವಾಗ ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳು ಮಾಂಸದಲ್ಲಿ ಚದರುತ್ತವೆ. ಬೇಟೆಗಾರ ಕಾಡಿನಲ್ಲಿ ಬಿಟ್ಟುಬಂದ ಕರುಳನ್ನು ತಿಂದು ಸೀಸದ ವಿಷವೇರಿ ಸಾಯುವ ಹಕ್ಕಿಗಳಲ್ಲಿ ಕ್ಯಾಲಿಫೋರ್ನಿಯದ ಕಾಂಡರ್ ಎಂಬ ಮಹಾಗೃಧ್ರವೂ ಒಂದು. 1987ರಲ್ಲಿ ಜಗತ್ತಿನಲ್ಲೇ ಅವು ಉಳಿದಿದ್ದುದು ಇಪ್ಪತ್ತೇಳು. 2019ರ ಜುಲೈಯಿಂದ ಆ ಸಂಸ್ಥಾನದಲ್ಲಿ ಬೇಟೆಗೆ ಸೀಸದ ಗುಂಡು ಪೂರ್ತಿಯಾಗಿ ನಿಷಿದ್ಧ. ಬಡವರ ಅನ್ನಸತ್ರಗಳಿಗೆ ಬೇಟೆಗಾರರು ದಾನ ಮಾಡಿದ ಮಾಂಸದಲ್ಲೂ ಸೀಸ ಕಂಡು 2008ರಲ್ಲಿ ಉತ್ತರ ಡಕೋಟದಲ್ಲಿ ಗದ್ದಲವಾಯಿತು. ಪೂರ್ತಿ ತಾಮ್ರದ ಗುಂಡು ಚೂರಾಗುವುದಿಲ್ಲ, ಹೂವಿನ ದಳಗಳಂತೆ ಬಿಚ್ಚಿಕೊಳ್ಳುತ್ತದೆ. ಆದರೆ ಸೀಸಕ್ಕಿಂತ ಗಟ್ಟಿಯಾದುದರಿಂದ ಬಿಚ್ಚಿಕೊಳ್ಳಲು ಅದಕ್ಕೆ ಹೆಚ್ಚು ವೇಗ ಬೇಕು, ಬೆಲೆಯೂ ಹೆಚ್ಚು. ಮುದುಕರ ಐದು ತೋಟೆಗಳಲ್ಲಿ ಒಂದು ತಾಮ್ರದ್ದು. ಅಂದಹಾಗೆ, 1937ರ ಒಂದು ಕಾನೂನಿನಂತೆ ಆ ದೇಶದಲ್ಲಿ ಬೇಟೆಯ ಕೋವಿ ತೋಟೆಗಳ ಮೇಲೆ ನೂರಕ್ಕೆ ಹನ್ನೊಂದರ ತೆರಿಗೆಯಿದೆ. ಅದು ವನ್ಯಜೀವಿಗಳ ರಕ್ಷಣೆಗೆ ಸಲ್ಲುತ್ತದೆ.

ಕೊನೆಗೆ ಮುದುಕರು ಆರಿಸಿದ್ದು ತಂದೆಯ ರೈಫಲ್ಲನ್ನು, 170 ಗ್ರೇನಿನ ಮೊಂಡುಮೂತಿಯ ಗುಂಡನ್ನು. ಮೊದಲನೆಯ ದಿನ ಹಿಮದಲ್ಲಿ ಕುಳಿತೇ ಬಂದರು. ಎರಡನೆಯ ದಿನ ಬೆಳಗ್ಗೆ ಮೂವತ್ತೈದು ಹೆಜ್ಜೆಯಲ್ಲಿ ಕವಲುಗೊಂಬಿನ ಜಿಂಕೆಯೊಂದು ಲಾರೆಲ್ ಪೊದೆಯ ಹಿಂದೆ ನಿಂತಿತ್ತು. ಎದೆಯ ಭಾಗಕ್ಕೆ ಅಡ್ಡಲಾಗಿ ಕಿರುಬೆರಳು ದಪ್ಪದ ನಾಲ್ಕಾರು ಕಡ್ಡಿಗಳು. ಐದು ನಿಮಿಷ ನೋಡಿದರಂತೆ. ಅದು ಸಂದಿಗೆ ಬರಲೇ ಇಲ್ಲ, ಹಿಂದಕ್ಕೆ ತಿರುಗಿ ಹೋಯಿತು. ಇವರೂ ಮನೆಗೆ ಬಂದರು. "ಎರಡು ಸಂಜೆ ಆರಿಸಿದ ಗುಂಡು ಪೆಟ್ಟಿಗೆಗೆ ಹಿಂತಿರುಗಿತು ಮೇಷ್ಟ್ರೆ, ಆದರೆ ಮುದುಕರ ಮುಖದಲ್ಲಿ ಬೇಸರವೇ ಇರಲಿಲ್ಲ" ಎಂದು ಶಿಷ್ಯ ಮತ್ತೊಂದು ಪತ್ರದಲ್ಲಿ ಬರೆದ.

ಅವನಿಗೆ ಉತ್ತರವಾಗಿ ನಾನು ಅಜ್ಜಯ್ಯನವರ ಸಂಗತಿಯನ್ನು ಬರೆದೆ. ಅರುವತ್ತರ ದಶಕದ ಮಾತು. ಗದ್ದೆಗೆ ಇಳಿಯುತ್ತಿದ್ದ ಕಡವೆಗಾಗಿ ಅವರು ಮರಸು ಕೂತಿದ್ದರು. ಜೋಡುನಳಿಗೆಯ ಕೋವಿ, ಬಲದ ನಳಿಗೆಗೆ ಹಕ್ಕಿಗಳಿಗೆ ಹೊಡೆಯುವ ಚರೆಯ ತೋಟೆ, ಎಡದ ನಳಿಗೆಗೆ ಒಂಟಿಗುಂಡಿನ ತೋಟೆ. ಮುಂದಿನ ಟ್ರಿಗರು ಬಲದ್ದು, ಹಿಂದಿನದು ಎಡದ್ದು. ಮಬ್ಬುಗತ್ತಲಲ್ಲಿ, ನಲವತ್ತು ಹೆಜ್ಜೆಯಲ್ಲಿ, ಕಡವೆ ಬಂದು ನಿಂತಿತು. ಬೆರಳು ಮುಂದಿನ ಟ್ರಿಗರಿನ ಮೇಲೆ ಹೋಯಿತು. ಅಷ್ಟು ದೊಡ್ಡ ಪ್ರಾಣಿಗೆ ಚರೆಯೆಂದರೆ ಮುಳ್ಳು ಚುಚ್ಚಿದಂತೆ. ಆದರೆ ಕೆಲವು ಕಣ್ಣಿಗೂ ಮುಖಕ್ಕೂ ತಗಲಿದ್ದುವು. ಅದು ಕೂಗಿಕೊಂಡು ಹಳುವಿಗೆ ನುಗ್ಗಿತು. ಅಜ್ಜಯ್ಯ ರಾತ್ರಿಯೆಲ್ಲ ಲಾಟೀನು ಹಿಡಿದು, ಮರುದಿನ ನಾಯಿ ಆಳುಗಳೊಡನೆ ಹುಡುಕಿದರು. ಸಿಕ್ಕಿದ್ದು ಐದನೆಯ ದಿನ, ಹಳ್ಳದ ಗುಂಡಿಯಲ್ಲಿ, ಹದ್ದುಗಳು ಇಳಿಯುವುದನ್ನು ಕಂಡು. ಕಣ್ಣು ಕಾಣದೆ ಬಂಡೆಯಿಂದ ಜಾರಿ ಬಿದ್ದು ಕಾಲು ಮುರಿದಿತ್ತಂತೆ. ಇಷ್ಟನ್ನು ಅವರು ನನಗೆ ಹೇಳಿದ್ದು ಒಂದೇ ಸಲ. ಹೇಳುವಾಗ ಅಡಕೆ ಕತ್ತರಿಸುವುದನ್ನು ನಿಲ್ಲಿಸಿ ಕತ್ತರಿಯನ್ನು ಕೆಳಗಿಟ್ಟಿದ್ದರು.

ಕಾಯಿದೆ ಬಂದ ಮೇಲೆ ಆ ಕೋವಿ ಬೆಳೆ ಕಾಯುವ ಪರವಾನಗಿಯ ಮೇಲೆ ಮನೆಯಲ್ಲಿಯೇ ಉಳಿಯಿತು. ದೀಪಾವಳಿಗೆ ಒಂದು ಸಲ ಎಣ್ಣೆ ಹಾಕಿ ಒರೆಸುವಾಗ ನನ್ನ ಕೈಗೂ ಕೊಡುತ್ತಿದ್ದರು. ಹಿಂದಿನ ಟ್ರಿಗರಿಗೆ ದಪ್ಪನೆಯ ನೂಲನ್ನು ಬಿಗಿಯಾಗಿ ಸುತ್ತಿ, ಅದರ ಮೇಲೆ ಜೇನುಮೇಣ ತೀಡಿದ್ದರು. ಹಿಡಿಕೆಯ ಒರಟಿಗೆ ಹೀಗೆ ಮಾಡಿರಬಹುದೆಂದು ಹುಡುಗನಾಗಿದ್ದಾಗ ಅಂದುಕೊಂಡಿದ್ದೆ. ಕತ್ತಲಲ್ಲಿ ಬೆರಳಿಗೆ ಗುಂಡಿನ ನಳಿಗೆ ಯಾವುದೆಂದು ತಿಳಿಯಲೆಂದು, ಆ ಕಡವೆ ಸಿಕ್ಕಿದ ದಿನ ಸಂಜೆ ಸುತ್ತಿದ ನೂಲಂತೆ ಅದು. ಆ ಮೇಲೆ ಅವರು ಕಡವೆಗೆ ಕೋವಿ ಎತ್ತಲಿಲ್ಲ. ನೂಲನ್ನು ಮಾತ್ರ ಎರಡು ಮೂರು ವರ್ಷಕ್ಕೊಮ್ಮೆ ಬದಲಾಯಿಸುತ್ತಿದ್ದರು.